ಒಲೆಯ ಪಕ್ಕ ಬೆಚ್ಚಗಿದ್ದ ಬಾಟಲಿ

ರಕ್ತದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದೇ ನನ್ನ ಬೆಳಗಿನ ಮೊದಲ ಕೆಲಸವಾಗಿತ್ತು. ಆಲೂರು ತಾಲ್ಲೂಕಿನ ಪಾಳ್ಯದಿಂದ ಬಂದು ಸಕಲೇಶಪುರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ ಸೇರಿದೆ. ಅದೇ ಕೋಣೆಯಲ್ಲಿ, ಅದೇ ಕಿಟಕಿಯ ಪಕ್ಕದಿಂದ ನಿವೃತ್ತಳಾದೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿಯರು ಯಂತ್ರದ ಜೊತೆಯಲ್ಲೇ ಕೆಲಸ ಕಲಿತವರು, ಜಾಣೆಯರು. ಅವರಿಗೆ ನಾನು ಹೇಳಲೇಬೇಕಾದದ್ದು ಒಂದು ಬಾಟಲಿಯ ವಿಷಯ. ಅದರಲ್ಲಿದ್ದದ್ದು ರೀನಾ ಎಂಬ ಮದುವಣಗಿತ್ತಿಯ ರಕ್ತ. ಅದರ ಬಗ್ಗೆ ನಾನು ಕೊಟ್ಟ ವರದಿ ತಪ್ಪಾಗಿತ್ತು. ತಪ್ಪು ಗೊತ್ತಾದದ್ದು ಅವಳ ಮದುವೆಯ ಹಿಂದಿನ ದಿನ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಬಿಡದೆ ಜ್ವರ ಬರುವ ಮನುಷ್ಯನ ರಕ್ತದಲ್ಲಿ ಬ್ಯಾಕ್ಟೀರಿಯಾ ಸೇರಿದೆಯೇ ಎಂದು ತಿಳಿಯಬೇಕಾದರೆ, ಆ ರಕ್ತವನ್ನು ಪೋಷಕ ದ್ರವ ತುಂಬಿದ ಬಾಟಲಿಗೆ ಹಾಕಿ ಮೈಬಿಸಿಯಷ್ಟು ಶಾಖದಲ್ಲಿ ಇಡುತ್ತೇವೆ. ಬ್ಯಾಕ್ಟೀರಿಯಾ ಇದ್ದರೆ ಬೆಳೆಯುತ್ತದೆ. ಇದಕ್ಕೆ ಕಲ್ಚರ್ ಎನ್ನುತ್ತಾರೆ. ನಾನು ಸೇರಿದ ಕಾಲದಲ್ಲಿ ಆ ದ್ರವವನ್ನೂ ನಾವೇ ಕಾಯಿಸಿ ಬಾಟಲಿಗೆ ತುಂಬಬೇಕಿತ್ತು. ಪ್ರತಿದಿನ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ನೋಡಬೇಕು. ತಿಳಿಯಾಗಿದ್ದರೆ ವಾಪಸ್ಸು ಇಡಬೇಕು. ಮಬ್ಬಾಗಿದ್ದರೆ ಒಂದು ತೊಟ್ಟು ತೆಗೆದು ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನನ್ನ ಕಣ್ಣು ಒಳ್ಳೆಯದೆಂದು ಹೆಸರಾಗಿತ್ತು. ಆ ಹೆಸರು ನನಗೆ ಸ್ವಲ್ಪ ಹೆಚ್ಚೇ ಇಷ್ಟವಾಗಿತ್ತು.

ಯಂತ್ರ ಬಂದದ್ದು ನನ್ನ ಸರ್ವಿಸ್ಸಿನ ಕೊನೆಯ ವರ್ಷಗಳಲ್ಲಿ. ಒಂದು ಸಣ್ಣ ಬೀರುವಿನಷ್ಟು ದೊಡ್ಡದು. ಒಳಗೆ ಸಾಲಾಗಿ ಗುಳಿಗಳು, ಗುಳಿಗೊಂದು ಬಾಟಲಿ. ಬ್ಯಾಕ್ಟೀರಿಯಾ ಬೆಳೆಯುವಾಗ ಬಿಡುವ ಗಾಳಿಯಿಂದ ಬಾಟಲಿಯ ತಳದ ಬಿಲ್ಲೆಯ ಬಣ್ಣ ಬದಲಾಗುತ್ತದೆ. ಯಂತ್ರ ಅದನ್ನು ಹಗಲು ರಾತ್ರಿ, ಕೆಲವೇ ನಿಮಿಷಕ್ಕೊಮ್ಮೆ ಅಳೆಯುತ್ತಿರುತ್ತದೆ. ಅಳತೆ ಏರತೊಡಗಿದ್ದು ಕಂಡರೆ ಕೂಗುತ್ತದೆ. ಐದು ದಿನ ಏನೂ ಕಾಣದಿದ್ದರೆ 'ಬೆಳವಣಿಗೆ ಇಲ್ಲ' ಎಂದು ಬರೆದುಕೊಡುತ್ತದೆ.

ಅದು ಮೊದಲ ಸಲ ಕೂಗಿದಾಗ ಪಕ್ಕದ ವಾರ್ಡಿನಿಂದ ರೋಗಿಗಳೂ ಎದ್ದು ಬಂದರು. ಬೆಂಕಿ ಬಿದ್ದಿದೆ ಎಂದುಕೊಂಡಿದ್ದರಂತೆ. ನಮ್ಮ ಹಿರಿಯ ಡಾಕ್ಟರ್ ಶಾರದಾ ಮೇಡಂ ಕೂಡ ಊಟದ ಡಬ್ಬಿ ಹಿಡಿದುಕೊಂಡೇ ಓಡಿಬಂದರು. ಆ ಬಾಟಲಿಯನ್ನು ನಾನು ಅಂದು ಬೆಳಿಗ್ಗೆಯೇ ಬೆಳಕಿಗೆ ಹಿಡಿದು, "ಇದರಲ್ಲಿ ಏನೂ ಇಲ್ಲ ಮೇಡಂ" ಎಂದು ಹೇಳಿದ್ದೆ. ಬಣ್ಣ ಹಾಕಿ ನೋಡಿದರೆ ಗಾಜಿನ ತುಂಬ ಬ್ಯಾಕ್ಟೀರಿಯಾ.

"ರತ್ನಮ್ಮನವರೇ, ನಿಮ್ಮ ಕಣ್ಣಿಗೆ ವಯಸ್ಸಾಯ್ತು," ಎಂದರು ಮೇಡಂ. ಅವರು ಯಾವತ್ತೂ ದನಿ ಏರಿಸಿದವರಲ್ಲ. ನನ್ನನ್ನು 'ರತ್ನಾ' ಎನ್ನುತ್ತಿದ್ದರೆ ಎಲ್ಲ ಸರಿ ಇದೆ ಎಂದರ್ಥ, 'ರತ್ನಮ್ಮನವರೇ' ಎಂದರೆ ಬೈಗುಳ.

ಎರಡು ದಿನ ಯಂತ್ರದ ಮೇಲೆ ಮುನಿಸಿಕೊಂಡೆ. ಮೂರನೆಯ ದಿನ ಆ ರೋಗಿ, ಬಾಗೆ ಎಂಬ ಊರಿನ ಕಡೆಯ ಒಬ್ಬ ಅಜ್ಜ, ಎದ್ದು ಕೂತು ಇಡ್ಲಿ ತಿನ್ನುತ್ತಿದ್ದ. ಅವನನ್ನು ನೋಡಿದ ಮೇಲೆ ಮುನಿಸು ಹೋಯಿತು. ಸರಿಯಾದ ಔಷಧಿ ಒಂದು ದಿನ ಮೊದಲೇ ಶುರುವಾಗಿತ್ತು, ಅಷ್ಟೆ. ಆ ಒಂದು ದಿನವನ್ನು ನನ್ನ ಕಣ್ಣು ಕೊಡಲಾರದಾಗಿತ್ತು.

ಬೆಟ್ಟದ ಮೇಲಿನ ಎಸ್ಟೇಟ್‌ಗಳ ಡಿಸ್ಪೆನ್ಸರಿಗಳಿಗೂ ನಾವು ಖಾಲಿ ಬಾಟಲಿ ಕೊಟ್ಟಿಡುತ್ತಿದ್ದೆವು. ಅಲ್ಲಿ ರಕ್ತ ತೆಗೆದು ಬಾಟಲಿಗೆ ಹಾಕಿ ನಮಗೆ ಕಳಿಸಬೇಕು. ವನಗೂರು, ಹೊಂಗಡಹಳ್ಳದ ಕಡೆಯಿಂದ ಬಾಟಲಿ ತರುತ್ತಿದ್ದವನು ಜೀಪ್ ಓಡಿಸುವ ತಿಮ್ಮೇಗೌಡ. ಮೊದಮೊದಲು ಅವನು ಬಾಟಲಿಯನ್ನು ಐಸ್ ಡಬ್ಬಿಯಲ್ಲಿ ಇಟ್ಟು ತರುತ್ತಿದ್ದ. ಬೇರೆ ರಕ್ತಪರೀಕ್ಷೆಗಳಿಗೆ ಹಾಗೆಯೇ ತರಬೇಕು, ಅವನ ತಪ್ಪೇನಿಲ್ಲ. ಆದರೆ ಕಲ್ಚರ್ ಬಾಟಲಿ ತಣ್ಣಗಾದರೆ ಕೆಲವು ಬ್ಯಾಕ್ಟೀರಿಯಾ ಬೆಳೆಯುವುದೇ ಇಲ್ಲ. ಒಂದು ದಿನ ನಾನು ಅವನನ್ನು ನಿಲ್ಲಿಸಿಕೊಂಡು ಬೈದೆ.

"ತಿಮ್ಮಣ್ಣ, ಇದನ್ನ ಐಸಲ್ಲಿ ಇಡಬಾರದು. ಹಸುಗೂಸಿನ ಥರ ನೋಡ್ಕೋಬೇಕು. ಚಳಿ ಆಗಬಾರದು."

"ಅಷ್ಟೇ ತಾನೆ ಮೇಡಮ್ಮೋರೆ? ಇನ್ಮೇಲೆ ನನ್ ಮಗ್ಳಿಗಿಂತ ಚೆನ್ನಾಗ್ ನೋಡ್ಕತೀನಿ ಬುಡಿ," ಎಂದ.

ಮುಂದಿನ ಸಲದಿಂದ ಬಾಟಲಿ ಅವನ ಸ್ವೆಟರಿನ ಒಳಗಿನಿಂದ ಹೊರಬರತೊಡಗಿತು. ನನಗೆ ನಗು ಬಂತು, ಸಂತೋಷವೂ ಆಯಿತು. ಅವನು ತಂದ ಬಾಟಲಿಗಳಿಗೆ ಯಂತ್ರ ಚೆನ್ನಾಗಿ ಕೂಗುತ್ತಿತ್ತು. ನಾನು ಅವನಿಗೆ ಅರ್ಧ ಮಾತು ಮಾತ್ರ ಹೇಳಿದ್ದೇನೆ ಎಂಬುದು ನನಗೆ ಹೊಳೆಯಲಿಲ್ಲ.

ಇನ್ನು ರೀನಾ. ಹೊಂಗಡಹಳ್ಳದ ಹತ್ತಿರದ ಒಂದು ಎಸ್ಟೇಟ್‌ನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಸಿಲ್ವೆಸ್ಟರ್ ಅವರ ಮಗಳು. ಅವರ ಹಿರಿಯರು ಮಂಗಳೂರಿನ ಕಡೆಯಿಂದ ಬಂದ ಕ್ರೈಸ್ತರು. ಮದುವೆ ನಿಶ್ಚಯವಾದ ಮೇಲೆ ಅವಳಿಗೆ ದಿನಾ ಸಂಜೆ ಸಣ್ಣಗೆ ಜ್ವರ, ಮೈಕೈ ನೋವು. ಮದುವೆಯ ಓಡಾಟ ಎಂದು ಮನೆಯವರು ಸುಮ್ಮನಿದ್ದರು. ಡಿಸ್ಪೆನ್ಸರಿಯ ಡಾಕ್ಟರಿಗೆ ಅವಳ ಎದೆಯಲ್ಲಿ ಒಂದು ಬೇರೆ ಸದ್ದು ಕೇಳಿಸಿತು. ಚಿಕ್ಕಂದಿನಲ್ಲಿ ಕೀಲುಗಳು ಬಾತು ಜ್ವರ ಬಂದಿತ್ತು ಎಂದೂ ಗೊತ್ತಾಯಿತು. ಅಂಥವರ ಹೃದಯದ ಕವಾಟ ದುರ್ಬಲವಾಗಿರುತ್ತದೆ. ಬ್ಯಾಕ್ಟೀರಿಯಾ ಅಲ್ಲಿ ಕೂತು, ಸದ್ದಿಲ್ಲದೆ ಕವಾಟವನ್ನೇ ತಿನ್ನುತ್ತದೆ. ಡಾಕ್ಟರರು ಇಂಜೆಕ್ಷನ್ ಕೊಡುವ ಮೊದಲು ರಕ್ತ ತೆಗೆದರು. ಅವರ ಬಳಿ ಉಳಿದಿದ್ದದ್ದು ಒಂದೇ ಬಾಟಲಿ.

ಅಂದು ಗಾಳಿಗೆ ಮರ ಬಿದ್ದು ರಸ್ತೆ ಮುಚ್ಚಿತ್ತು. ಬೆಳಿಗ್ಗೆ ತೆಗೆದ ರಕ್ತ ಲ್ಯಾಬಿಗೆ ಬಂದದ್ದು ಮರುದಿನ ಸಂಜೆ. ತಿಮ್ಮಣ್ಣ ಹೆಮ್ಮೆಯಿಂದ ಹೇಳಿದ: "ಒಂದ್ ಚೂರೂ ತಣ್ಣಗಾಗಕ್ ಬುಟ್ಟಿಲ್ಲ ಕಣಮ್ಮ. ಟೋಪಿ ಒಳಗ್ ಸುತ್ತಿ ಒಲೆ ಪಕ್ಕದ ಗೂಡಲ್ಲಿ ಇಟ್ಟಿದ್ದೆ. ಈಗ್ಲೂ ಮುಟ್ಟಿ ನೋಡಿ, ಬೆಚ್ಚಗೈತೆ."

ಮುಟ್ಟಿ ನೋಡಿದೆ. ಬೆಚ್ಚಗಿತ್ತು. "ಭೇಷ್ ತಿಮ್ಮಣ್ಣ," ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ನಿಜ. ಬೆಳಕಿಗೆ ಹಿಡಿದು ನೋಡದೆಯೇ ಬಾಟಲಿಯನ್ನು ಯಂತ್ರದೊಳಗೆ ಇಟ್ಟೆ. ಐದು ದಿನ ಅದು ಕೂಗಲಿಲ್ಲ. ಡಿಸ್ಪೆನ್ಸರಿಗೆ ಫೋನು ಮಾಡಿ, ಬೆಳವಣಿಗೆ ಇಲ್ಲ ಎಂದು ತಿಳಿಸಿದೆ. ಅಷ್ಟು ಹೊತ್ತಿಗೆ ಜ್ವರವೂ ಇಳಿದಿತ್ತು. ಡಾಕ್ಟರು ಇಂಜೆಕ್ಷನ್ ನಿಲ್ಲಿಸಿ ರೀನಾಳನ್ನು ಮನೆಗೆ ಕಳಿಸಿದರು.

ಮುಗಿದ ಬಾಟಲಿಗಳನ್ನು ಹಬೆಯಲ್ಲಿ ಬೇಯಿಸಿ, ಬ್ಯಾಕ್ಟೀರಿಯಾ ಸಾಯಿಸಿ, ಆಮೇಲೆ ಬಿಸಾಡಬೇಕು. ಹಬೆಯ ಯಂತ್ರದ ರಬ್ಬರು ಹೋಗಿ ಒಂದು ವಾರ ಕೆಟ್ಟು ಕೂತಿತ್ತು. ರಿಪೇರಿಯಾದ ಬೆಳಿಗ್ಗೆ ಟ್ರೇಯಲ್ಲಿ ಕಾಯುತ್ತಿದ್ದ ಬಾಟಲಿಗಳನ್ನು ಒಂದೊಂದಾಗಿ ಒಳಗಿಡುತ್ತಿದ್ದೆ. ಹಳೆಯ ಚಾಳಿ, ಇಡುವ ಮೊದಲು ಕಿಟಕಿಗೆ ಹಿಡಿದೆ. ಉಳಿದವುಗಳಲ್ಲಿ ರಕ್ತ ಕೆಳಗೆ ಕೂತು ಮೇಲಿನ ನೀರು ತಿಳಿಯಾಗಿತ್ತು. ಒಂದರಲ್ಲಿ ಮಾತ್ರ ಎಲ್ಲ ಕಲಸಿಹೋಗಿ ಹಳೆಯ ಕಾಫಿ ಡಿಕಾಕ್ಷನ್ ಬಣ್ಣ. ಚೀಟಿ ಓದಿದೆ. ರೀನಾ.

ಒಂದು ತೊಟ್ಟು ತೆಗೆದೆ. ಬಣ್ಣ ಹಾಕಿದೆ. ಸೂಕ್ಷ್ಮದರ್ಶಕದೊಳಗೆ ನೇರಳೆ ಮಣಿಗಳ ಸರಗಳಂತೆ ಬ್ಯಾಕ್ಟೀರಿಯಾ, ಉದ್ದುದ್ದಕ್ಕೆ, ಗಾಜಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ಚೀಟಿಯ ಹೆಸರನ್ನು ಇನ್ನೊಮ್ಮೆ ಓದಿದೆ.

ಏನಾಗಿತ್ತೆಂದು ನಿಂತಲ್ಲೇ ಅರ್ಥವಾಯಿತು. ಯಂತ್ರ ನೋಡುವುದು ಏರಿಕೆಯನ್ನು. ಒಲೆಯ ಪಕ್ಕ ಒಂದು ರಾತ್ರಿ ಒಂದು ಹಗಲು ಕೂತ ಬಾಟಲಿಯಲ್ಲಿ ಬೆಳೆಯುವುದೆಲ್ಲ ಯಂತ್ರದೊಳಗೆ ಹೋಗುವ ಮೊದಲೇ ಬೆಳೆದು ಮುಗಿದಿತ್ತು. ಅದು ನೋಡತೊಡಗಿದಾಗ ಏರಲು ಏನೂ ಉಳಿದಿರಲಿಲ್ಲ. ಐಸ್ ಬೇಡ ಎಂದಿದ್ದೆ. ಬಿಸಿಯೂ ಬೇಡ, ತಡವೂ ಬೇಡ ಎಂದು ನಾನು ಹೇಳಿರಲಿಲ್ಲ. ತಡವಾಗಿ ಬಂದ ಬಾಟಲಿಯನ್ನು ಮೊದಲು ಬಣ್ಣ ಹಾಕಿ ನೋಡಬೇಕಿತ್ತು. ಅದನ್ನೂ ಮಾಡಿರಲಿಲ್ಲ.

ಶಾರದಾ ಮೇಡಂ ಗಾಜನ್ನು ಬಹಳ ಹೊತ್ತು ನೋಡಿದರು.

"ಒಂದೇ ಬಾಟಲಿ. ಸೂಜಿ ಚುಚ್ಚುವಾಗ ಹೊರಗಿನಿಂದ ಸೇರಿರಲೂಬಹುದು."

"ಹೌದು ಮೇಡಂ. ಸೇರದೆಯೂ ಇರಬಹುದು."

ಡಿಸ್ಪೆನ್ಸರಿಗೆ ಫೋನು ಮಾಡಿದರು. ಮದುವೆ ನಾಳೆ, ಸಕಲೇಶಪುರದ ಚರ್ಚಿನಲ್ಲಿ ಎಂದು ಅಲ್ಲಿಯವರು ಹೇಳಿದರು. ರೀನಾಳ ಮನೆಯ ಫೋನನ್ನು ಯಾರೂ ಎತ್ತಲಿಲ್ಲ. ಮೇಡಂ ವಾರ್ಡು ಬಿಟ್ಟು ಬರುವಂತಿರಲಿಲ್ಲ. ನನ್ನನ್ನೇ ತಿಮ್ಮಣ್ಣನ ಜೀಪು ಹತ್ತಿಸಿದರು.

"ಅವಳ ಉಗುರು ನೋಡು. ಉಗುರಿನ ಅಡಿಯಲ್ಲಿ ಸಿಬಿರು ಹೊಕ್ಕ ಹಾಗೆ ಕಪ್ಪುಗೆಂಪು ಗೀಟುಗಳಿದ್ದರೆ ಸೋಂಕು ಕವಾಟದಲ್ಲಿ ಕೂತಿರುವ ಸಾಧ್ಯತೆ ಜಾಸ್ತಿ. ಹಾಗಿದ್ದರೆ ಅವಳನ್ನು ಕರಕೊಂಡೇ ಬಾ. ಇಲ್ಲದಿದ್ದರೆ ನನಗೆ ಫೋನು ಮಾಡು, ಯೋಚನೆ ಮಾಡೋಣ."

ದಾರಿಯಲ್ಲಿ ತಿಮ್ಮಣ್ಣನಿಗೆ ಎಲ್ಲ ಹೇಳಿದೆ. ಅವನು ಕೇಳಿದ:

"ಹಂಗಾರೆ ಬೆಚ್ಚಗ್ ಇಟ್ಟಿದ್ದೇ ತಪ್ಪಾಯ್ತಾ ಅಮ್ಮ?"

"ನಿಂದಲ್ಲ ತಿಮ್ಮಣ್ಣ, ನಂದು. ನಾನು ಅರ್ಧ ಹೇಳಿದ್ದೆ. ನೀನು ಆ ಅರ್ಧವನ್ನ ಪೂರ್ತಿ ಮಾಡಿದೆ."

"ಆ ಮಗೀಗೇನಾದ್ರೂ ಆಗ್ಬುಟ್ರೆ ನಾನು ಈ ಸ್ಟೇರಿಂಗ್ ಮುಟ್ಟಲ್ಲ ಕಣಮ್ಮ," ಎಂದವನು ತಿರುವಿನಲ್ಲಿ ಹಾರ್ನ್ ಹೊಡೆದದ್ದು ಸ್ವಲ್ಪ ಹೆಚ್ಚೇ ಜೋರಾಗಿತ್ತು.

ನಾವು ಮುಟ್ಟಿದಾಗ ಮಧ್ಯಾಹ್ನ. ಮನೆಯ ಮುಂದೆ ಚಪ್ಪರ, ಚಪ್ಪರದ ತುಂಬ ಹೆಂಗಸರು, ಕೊಂಕಣಿ ಹಾಡು. ನಡುವೆ ಮಣೆಯ ಮೇಲೆ ಹಳೆಯ ಸೀರೆಯುಟ್ಟ ರೀನಾ. ಅವರಲ್ಲಿ ಮದುವೆಯ ಹಿಂದಿನ ದಿನ ರೋಸ್ ಎಂಬ ಶಾಸ್ತ್ರ. ಬಂದವರೆಲ್ಲ ಒಬ್ಬೊಬ್ಬರಾಗಿ ಹುಡುಗಿಗೆ ತೆಂಗಿನ ಹಾಲು, ಎಣ್ಣೆ ಹಚ್ಚಿ ಹರಸುತ್ತಾರೆ. ನಾನು ಅದನ್ನು ನೋಡಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು ಯಾರನ್ನು ಕೇಳಲಿ ಎಂದು ನೋಡುವಷ್ಟರಲ್ಲಿ, ಒಬ್ಬ ದಪ್ಪನೆಯ ಹೆಂಗಸು ಬಂದು ನನ್ನ ಕೈ ಹಿಡಿದಳು. ಹುಡುಗಿಯ ಸೋದರತ್ತೆ, ಮೋನಿಕಾ ಬಾಯಿ.

"ಎಂತ ಅಲ್ಲೇ ನಿಂತದ್ದು ಮಾರಾಯ್ತಿ? ಬಾ ಬಾ, ಹಾಲು ಹಚ್ಚು!"

ಬಟ್ಟಲು ನನ್ನ ಕೈಗೆ ಬಂತು. ಹಿಂದಿನಿಂದ ತಳ್ಳುತ್ತಿದ್ದರು. ನಾನು ಹುಡುಗಿಯ ತಲೆಯ ಮೇಲೆ ತೆಂಗಿನ ಹಾಲು ಸುರಿದೆ. ಅವಳು ಕಣ್ಣು ಮುಚ್ಚಿಕೊಂಡೇ ಜೋರಾಗಿ ನಕ್ಕಳು. ಕೆನ್ನೆ ಬಿಳುಚಿತ್ತು. ಹಚ್ಚುವ ನೆವದಲ್ಲಿ ಅವಳ ಕೈ ಹಿಡಿದು ಉಗುರು ನೋಡಿದೆ. ಹತ್ತೂ ಬೆರಳಿಗೆ ದಟ್ಟ ಕೆಂಪು ಪಾಲಿಶ್.

ಇನ್ನು ಸುಮ್ಮನಿರುವಂತಿರಲಿಲ್ಲ. ಬಗ್ಗಿ ಹೇಳಿದೆ: "ನಾನು ಆಸ್ಪತ್ರೆಯ ಲ್ಯಾಬಿನವಳಮ್ಮ. ನಿನ್ನ ಒಂದು ಬೆರಳಿನ ಪಾಲಿಶ್ ತೆಗೆದು ನೋಡಬೇಕು."

ಹಾಡು ನಿಂತಿತು.

"ಪಾಲಿಶ್ ತೆಗೆಯುವುದಾ?" ಮೋನಿಕಾ ಬಾಯಿ ಸೊಂಟಕ್ಕೆ ಕೈ ಇಟ್ಟಳು. "ಬೆಳಿಗ್ಗೆಯಿಂದ ಕೂತು ಹಾಕಿಸಿಕೊಂಡಿದ್ದಾಳೆ. ಹಾಲು ಹಚ್ಚು ಅಂತ ಕರೆದರೆ ಇವಳು ಬಣ್ಣ ಕೆರೆಯಲಿಕ್ಕೆ ಬಂದಳಲ್ಲ!"

ರೀನಾ ಮಾತ್ರ ನಗುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ತಾನೇ ಪಾಲಿಶ್ ತೆಗೆಯುವ ಬಾಟಲಿ ತರಿಸಿ, ಹತ್ತಿಯಿಂದ ಉಂಗುರದ ಬೆರಳನ್ನು ಒರೆಸಿದಳು. ಉಗುರಿನ ಅಡಿಯಲ್ಲಿ ಮೂರು ಗೀಟುಗಳು, ಕಪ್ಪುಗೆಂಪು, ಕೂದಲೆಳೆಯಷ್ಟು ಸಣ್ಣ.

"ಇದಾ ಆಂಟಿ? ಕಟ್ಟಿಗೆ ಸಿಬಿರು ಅಂದ್ಕೊಂಡಿದ್ದೆ. ಫೋಟೋದಲ್ಲಿ ಕಾಣಬಾರದು ಅಂತಾನೇ ಇಷ್ಟು ಗಾಢ ಬಣ್ಣ ಹಾಕಿಸಿದ್ದು."

ಅವಳ ತಂದೆ ಸಿಲ್ವೆಸ್ಟರ್ ಅವರನ್ನು ಕರೆದೆ. ಮುಚ್ಚಿಡದೆ ಹೇಳಿದೆ. ವರದಿ ತಪ್ಪು, ತಪ್ಪು ನನ್ನದು, ಹುಡುಗಿಯ ಹೃದಯದಲ್ಲಿ ಸೋಂಕು ಇರಬಹುದು, ಈಗಲೇ ಹೊರಡಬೇಕು, ತಡ ಮಾಡಿದರೆ ಕವಾಟ ಉಳಿಯುವುದಿಲ್ಲ, ಜೀವವೂ ಉಳಿಯದೇ ಹೋಗಬಹುದು. ಅವರು ಚಪ್ಪರದ ಕಂಬ ಹಿಡಿದುಕೊಂಡರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. "ನೀವು ಹೇಳದೆ ಇದ್ದಿದ್ದರೆ ನಮಗೆ ಗೊತ್ತೇ ಆಗ್ತಿರಲಿಲ್ಲ," ಎಂದರು, ಅಷ್ಟೆ.

ಅಡ್ಡ ಬಂದದ್ದು ಹೆಂಗಸರು. ರೋಸ್ ಆದ ಮೇಲೆ ಹುಡುಗಿ ಹೊರಗೆ ಕಾಲಿಡಬಾರದು, ಮನೆಯಿಂದ ನೇರ ಚರ್ಚಿಗೇ ಹೋಗಬೇಕು ಎಂಬುದು ಅವರ ರೂಢಿ. ಎಲ್ಲರೂ ಒಟ್ಟಿಗೆ ಮಾತಾಡಿದರು. ಕೊನೆಗೆ ಎಲ್ಲರ ಕಣ್ಣೂ ಮೋನಿಕಾ ಬಾಯಿಯ ಮೇಲೆ. ಅವಳು ಹುಡುಗಿಯ ಉಗುರನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಹುಡುಗಿ ರೋಸ್ ಬಿಟ್ಟು ಹೋಗಬಾರದು. ಸರಿ. ರೋಸನ್ನೇ ತೆಗೆದುಕೊಂಡು ಹೋಗುವಾ. ಏಳಿ ಎಲ್ಲ! ಆ ಹಾಲಿನ ಪಾತ್ರೆ ಎತ್ತಿಕೊಳ್ಳಿ!"

ಜೀಪು ತುಂಬಿತು. ಹಿಂದೆ ಎಸ್ಟೇಟ್‌ನ ಪಿಕಪ್ಪೂ ತುಂಬಿತು.

"ಅಮ್ಮೋರೆ, ಇದು ಜೀಪು ಕಣ್ರೀ, ಬಸ್ಸಲ್ಲ!" ತಿಮ್ಮಣ್ಣ ಕೂಗಿದ. "ಗೇರ್ ಹಾಕಕ್ಕೂ ಜಾಗ ಇಲ್ದಂಗೆ ಕೂತ್ಬುಟ್ರಲ್ಲ!"

"ನೀನು ಓಡಿಸು ಮಾರಾಯ, ಗೇರ್ ನಾನು ಹಾಕುತ್ತೇನೆ," ಎಂದಳು ಮೋನಿಕಾ ಬಾಯಿ.

ಆ ಇಳಿಜಾರಿನುದ್ದಕ್ಕೂ ಅವರು ಹಾಡು ನಿಲ್ಲಿಸಲಿಲ್ಲ. ನಾನು ರೀನಾಳ ನಾಡಿ ಹಿಡಿದುಕೊಂಡು ಕೂತಿದ್ದೆ. ಅದನ್ನು ಹಿಡಿದು ನನಗೆ ತಿಳಿಯುವುದು ಹೆಚ್ಚೇನಿರಲಿಲ್ಲ. ಬಿಡಲು ಮನಸ್ಸಾಗಲಿಲ್ಲ.

ಆಸ್ಪತ್ರೆಯಲ್ಲಿ ಶಾರದಾ ಮೇಡಂ ಬಾಗಿಲಲ್ಲೇ ಕಾಯುತ್ತಿದ್ದರು. ತಲೆಯಿಂದ ತೆಂಗಿನ ಹಾಲು ತೊಟ್ಟಿಕ್ಕುವ ರೋಗಿಯನ್ನೂ, ಹಿಂದೆ ಪಾತ್ರೆ ಹಿಡಿದು ಬಂದ ಮೆರವಣಿಗೆಯನ್ನೂ ನೋಡಿ, "ಇಷ್ಟೂ ಜನರ ಉಗುರು ನೋಡಬೇಕಾ ರತ್ನಾ?" ಎಂದರು. ಆ 'ರತ್ನಾ' ಕೇಳಿ ನನಗೆ ಉಸಿರು ಬಂತು.

ತೋಳಿನ ಎಣ್ಣೆಯ ಜಿಡ್ಡು ಹೋಗಲು ಸೋಪಿನಿಂದ ತೊಳೆದು, ಮೂರು ಸಲ ಸ್ಪಿರಿಟ್ಟಿನಿಂದ ಒರೆಸಬೇಕಾಯಿತು. ಬೇರೆ ಬೇರೆ ಕಡೆಯಿಂದ, ನಡುವೆ ಹೊತ್ತು ಬಿಟ್ಟು, ಮೂರು ಬಾಟಲಿ ರಕ್ತ ತೆಗೆದೆವು. ತೆಗೆದ ತೆಗೆದದ್ದನ್ನು ನಾನೇ ನಡೆದು ಹೋಗಿ ಯಂತ್ರದೊಳಗೆ ಇಟ್ಟೆ. ಮೂರನೆಯದು ಒಳಗೆ ಹೋದ ಕೂಡಲೇ ಇಂಜೆಕ್ಷನ್ ಶುರುವಾಯಿತು. ಮೋನಿಕಾ ಬಾಯಿ ವಾರ್ಡಿನಲ್ಲಿ ಉಳಿದ ರೋಸ್ ಮುಗಿಸಲು ಹೊರಟಿದ್ದಳು. ನರ್ಸು ಒಂದು ಚಮಚ ಹಾಲಿಗೆ ಮಾತ್ರ ಒಪ್ಪಿಗೆ ಕೊಟ್ಟಳು.

ಮರುದಿನ ಬೆಳಿಗ್ಗೆ ಯಂತ್ರ ಕೂಗಿತು. ಸ್ವಲ್ಪ ಹೊತ್ತಿನಲ್ಲೇ ಎರಡನೆಯ ಬಾಟಲಿ, ಆಮೇಲೆ ಮೂರನೆಯದು. ಮೂರರಲ್ಲೂ ಅದೇ ನೇರಳೆ ಸರ. ಅನುಮಾನ ಮುಗಿಯಿತು. ಹಾಸನದಿಂದ ಬಂದ ಹೃದಯದ ಡಾಕ್ಟರರು ಸ್ಕ್ಯಾನ್ ಮಾಡಿ, ಕವಾಟದ ಮೇಲೆ ಸಣ್ಣ ಗಂಟು ಕೂತಿದೆ, ಕವಾಟ ಇನ್ನೂ ಗಟ್ಟಿಯಾಗಿದೆ, ಔಷಧಿಯಲ್ಲೇ ವಾಸಿಯಾಗಬಹುದು ಎಂದರು. ಇನ್ನೂ ಒಂದಿಷ್ಟು ದಿನ ಬಿಟ್ಟಿದ್ದರೆ ಹೀಗೆ ಹೇಳಲು ಆಗುತ್ತಿರಲಿಲ್ಲ ಎಂದೂ ಹೇಳಿದರು. ನಾನು ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಕೂತೆ.

ಅಂದು ಸಂಜೆಗೆ ಗೊತ್ತಾಗಿದ್ದ ಮದುವೆಯ ಮಾತು ಎತ್ತಿದವಳು ರೀನಾಳೇ. ಶಾರದಾ ಮೇಡಂ ಹೃದಯದ ಡಾಕ್ಟರರ ಜೊತೆ ಬಹಳ ಹೊತ್ತು ಮಾತಾಡಿ, ಎರಡು ಇಂಜೆಕ್ಷನ್‌ಗಳ ನಡುವೆ ಒಂದೂವರೆ ಗಂಟೆ ಬಿಡುವು ಕೊಟ್ಟರು. ಚರ್ಚು ಆಸ್ಪತ್ರೆಯಿಂದ ಕೂಗಿದರೆ ಕೇಳುವಷ್ಟು ದೂರ. ತೋಳಿನ ಸೂಜಿಯನ್ನು ತೆಗೆಯಲಿಲ್ಲ, ಮದುವೆಯ ಗೌನಿನ ಉದ್ದ ತೋಳಿನೊಳಗೆ ಮುಚ್ಚಿ ಪಟ್ಟಿ ಸುತ್ತಿದೆವು. ಅವಳು ತಿಮ್ಮಣ್ಣನ ಜೀಪಿನಲ್ಲೇ ಹೋದಳು. ಅವನು ಬಾನೆಟ್ಟಿಗೆ ಹೂವಿನ ಹಾರ ಹಾಕಿದ್ದ. ಉಂಗುರ ತೊಡಿಸುವಾಗ ಅವಳ ಉಂಗುರದ ಬೆರಳಿಗೆ ಪಾಲಿಶ್ ಇರಲಿಲ್ಲ. ಉಳಿದ ಒಂಬತ್ತು ಬೆರಳು ಕೆಂಪು. ಮೋನಿಕಾ ಬಾಯಿ ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಕಡೆ ತಿರುಗಿ, "ನೋಡು ನಿನ್ನ ಕೆಲಸ!" ಎಂದು ಸನ್ನೆ ಮಾಡಿದಳು. ಬಿಡುವು ಮುಗಿಯುವ ಮೊದಲೇ ಮದುಮಗಳು ಗೌನಿನಲ್ಲೇ ವಾರ್ಡಿಗೆ ಮರಳಿ, ಮಂಚದ ಮೇಲೆ ಕೂತು ತೋಳು ಚಾಚಿದಳು. ಗಂಡ ಡ್ರಿಪ್ಪಿನ ಕಂಬ ಹಿಡಿದು ನಿಂತ. ಪೆಟ್ಟಿಗೆಯ ತುಂಬ ಕೇಕು ಬಂದಿತ್ತು, ಇಡೀ ವಾರ್ಡು ತಿಂದಿತು.

ನಾಲ್ಕು ವಾರ ಇಂಜೆಕ್ಷನ್ ನಡೆಯಿತು. ಅದರ ನಡುವೆ ನಾನು ಮತ್ತು ತಿಮ್ಮಣ್ಣ ಕೂತು ಬಾಟಲಿ ತರುವ ಡಬ್ಬಿಗಳಿಗೆ ಹೊಸ ಚೀಟಿ ಬರೆದೆವು. ಐಸ್ ಬೇಡ, ಒಲೆ ಬೇಡ, ತಡ ಬೇಡ. ಮೊದಲ ಎರಡು ನಾನು ಹೇಳಿದೆ, ಮೂರನೆಯದು ಅವನು ಸೇರಿಸಿದ. ತಡವಾಗಿ ಬಂದ ಬಾಟಲಿಗೆ ಯಂತ್ರದ ಮಾತಿನ ಜೊತೆ ಬಣ್ಣದ ಪರೀಕ್ಷೆಯೂ ಆಗಲೇಬೇಕು ಎಂದು ಮೇಡಂ ಆದೇಶ ಹೊರಡಿಸಿದರು. ನನ್ನ ತಪ್ಪನ್ನು ಯಾರ ಹೆಸರೂ ಇಲ್ಲದೆ ರಿಜಿಸ್ಟರಿನಲ್ಲಿ ಬರೆಸಿದರು. ಪಕ್ಕದಲ್ಲಿ ನನ್ನ ಹೆಸರನ್ನು ನಾನೇ ಸೇರಿಸಿದೆ. ಮುಂದೆ ಬರುವ ಹೊಸಬರಿಗೆ ಯಾರನ್ನು ಕೇಳಬೇಕೆಂದು ಗೊತ್ತಿರಲಿ.

ಇಂಜೆಕ್ಷನ್ ನಿಲ್ಲಿಸಿ ಕೆಲವು ದಿನವಾದ ಮೇಲೆ ಕೊನೆಯ ಪರೀಕ್ಷೆ. ಮತ್ತೆ ಮೂರು ಬಾಟಲಿ. ಐದು ದಿನ ನಾನು ಆ ಯಂತ್ರದ ಪಕ್ಕದಲ್ಲೇ ಊಟ ಮಾಡಿದೆ. ಬೇರೆ ಬಾಟಲಿಗೆ ಅದು ಕೂಗಿದಾಗಲೆಲ್ಲ ಕೈಯ ತುತ್ತು ಕೆಳಗಿಟ್ಟು ಎದ್ದು ನೋಡಿದೆ. ಆರನೆಯ ದಿನ ಮೂರನ್ನೂ ಹೊರತೆಗೆದು, ಬಣ್ಣ ಹಾಕಿ, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೆ ಹಚ್ಚಿ ಇನ್ನೆರಡು ದಿನ ಕಾದೆ. ಆಮೇಲೆಯೇ ರೀನಾಗೆ ಫೋನು ಮಾಡಿದೆ. ಅವಳು ಗಂಡನ ಜೊತೆ ಲ್ಯಾಬಿಗೇ ಬಂದಳು. ತನ್ನ ಬಾಟಲಿ ನೋಡಬೇಕೆಂದಳು. ಕೈಗೆ ಕೊಟ್ಟೆ. ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು.

"ಏನೂ ಕಾಣ್ತಿಲ್ಲ ಆಂಟಿ."

"ಇನ್ನೊಂದು ಸಲ ನೋಡು," ಎಂದೆ.

ಅವಳು ನೋಡಿದಳು. ಅವಳ ಹೆಗಲ ಮೇಲಿಂದ ಗಂಡ ನೋಡಿದ. ಅವರಿಬ್ಬರ ಹಿಂದೆ ನಿಂತು ನಾನೂ ನೋಡಿದೆ. ರಕ್ತ ಕೆಳಗೆ ಕೂತಿತ್ತು. ಮೇಲಿನ ನೀರು ತಿಳಿಯಾಗಿತ್ತು, ಅದರ ಮೂಲಕ ಹೊರಗಿನ ರಸ್ತೆ, ರಸ್ತೆಯಲ್ಲಿ ಅವರಿಗಾಗಿ ಕಾಯುತ್ತಿದ್ದ ಜೀಪು, ಎಲ್ಲ ಕಾಣುತ್ತಿತ್ತು.